ಆಗಮನ ಕಾಲಕ್ಕೆ ನಾಲ್ಕು ಮೇಣದಬತ್ತಿ, ಒಂದು ತಟ್ಟೆ ರಾಗಿ ಪೈರು

ನವೆಂಬರ್ 30ಕ್ಕೆ ಯಾವ ಭಾನುವಾರ ಹತ್ತಿರವೋ ಆವತ್ತಿನಿಂದ ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗಾಗಿ ಕಾಯುವ ವಾರಗಳು. 2026ರಲ್ಲಿ ಅದು ನವೆಂಬರ್ 29. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾಗಿ ಕೊಯ್ಲಿನ ಹೊತ್ತು. ನಿರೀಕ್ಷೆ ಅಂದರೇನು ಎಂದು ಮಕ್ಕಳಿಗೆ ಬಾಯಲ್ಲಿ ಹೇಳುವುದಕ್ಕಿಂತ ಕೈಗೊಂದು ಕೆಲಸ ಕೊಡುವುದು ಮೇಲು.

ಮೊದಲು ಬತ್ತಿಗಳು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ತಮ್ಮ ಆಶ್ರಮದ ಬಡ ಮಕ್ಕಳಿಗೆ ದಿನ ಎಣಿಸಲು ಅನುಕೂಲವಾಗಲೆಂದು ಗಾಡಿ ಚಕ್ರದ ಮೇಲೆ ಬತ್ತಿ ಹಚ್ಚಿಟ್ಟರು. ನಮಗೆ ಚಕ್ರ ಬೇಡ. ಒಂದಡಿ ಅಗಲದ ಮಣ್ಣಿನ ತಟ್ಟೆ, ಅದರ ತುಂಬ ಒದ್ದೆ ಮರಳು ಸಾಕು. 20 ಸೆಂ.ಮೀ. ಎತ್ತರದ ನಾಲ್ಕು ದಪ್ಪ ಬತ್ತಿಗಳನ್ನು 4 ಸೆಂ.ಮೀ. ಆಳಕ್ಕೆ ಊರಿ. ಒಂದಕ್ಕೊಂದು ಕನಿಷ್ಠ 10 ಸೆಂ.ಮೀ. ದೂರವಿರಲಿ, ಹತ್ತಿರವಾದರೆ ಪಕ್ಕದ ಬತ್ತಿ ಕಾವಿಗೆ ಮೆತ್ತಗಾಗಿ ಬಾಗುತ್ತದೆ. ಮೂರು ನೇರಳೆ, ಒಂದು ಗುಲಾಬಿ. ಬಣ್ಣದ್ದು ಸಿಗದಿದ್ದರೆ ಬಿಳಿ ಬತ್ತಿಯ ಬುಡಕ್ಕೆ ಆ ಬಣ್ಣದ ರಿಬ್ಬನ್ ಕಟ್ಟಿ. ಸುತ್ತ ಸರ್ವೆ ಸೊಪ್ಪು ಸಿಕ್ಕಿಸಿ. ಮರಳು ಒದ್ದೆಯಿದ್ದರೆ ಸೊಪ್ಪು ಬೇಗ ಬಾಡುವುದಿಲ್ಲ. ಒಣಗಿದ ಸರ್ವೆಗೆ ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಬದಲಿಸಲೇಬೇಕು.

ಮೊದಲ ವಾರ ಒಂದು ಬತ್ತಿ, ಎರಡನೇ ವಾರ ಎರಡು, ಹೀಗೆ ಏರಿಸುತ್ತಾ ಹೋಗಿ. ಗುಲಾಬಿ ಬತ್ತಿ ಮೂರನೇ ಭಾನುವಾರಕ್ಕೆ. ಅದು ಆನಂದದ ಭಾನುವಾರ. ದಿನಕ್ಕೆ 15 ನಿಮಿಷದಂತೆ ಉರಿಸಿದರೆ ಮೊದಲನೆಯದು ಹೆಚ್ಚುಕಡಿಮೆ 7 ಗಂಟೆ ಉರಿಯುತ್ತದೆ. ಕರೆಂಟ್ ಹೋದಾಗ ಹಚ್ಚುವ ಸಣ್ಣ ಬತ್ತಿ ಅಷ್ಟು ಬಾಳುವುದಿಲ್ಲ. ಫೋಟೊಗೆಂದು ಮೊದಲ ದಿನವೇ ನಾಲ್ಕನ್ನೂ ಹಚ್ಚಬೇಡಿ. ಹಚ್ಚದೆ ಉಳಿದ ಮೂರು ಬತ್ತಿಗಳೇ ಮಕ್ಕಳಿಗೆ ನಿರೀಕ್ಷೆಯನ್ನು ಕಲಿಸುವುದು.

ಸಂಜೆ ದೀಪ, ಟಿವಿ, ಫ್ಯಾನ್ ಆರಿಸಿ ಒಂದು ನಿಮಿಷ ಕತ್ತಲಲ್ಲೇ ಕೂತು, ಆಮೇಲೆ ಹಚ್ಚಿ. ಬೈಬಲಿನಿಂದ ಓದಲು: ಮೊದಲ ವಾರ ಯೆಶಾಯ 9:2-7, ಎರಡನೇ ವಾರ ಯೆಶಾಯ 40:1-11, ಮೂರನೇ ವಾರ ಫಿಲಿಪ್ಪಿ 4:4-7, ನಾಲ್ಕನೇ ವಾರ ಲೂಕ 1:26-55. ಓದಿದ್ದಕ್ಕೆ ವಿವರಣೆ ಬೇಡ. ಯಾರಿಗಾಗಿ, ಯಾವುದಕ್ಕಾಗಿ ಕಾಯುತ್ತಿದ್ದೇವೆಂದು ಒಬ್ಬೊಬ್ಬರೂ ಒಂದೇ ಮಾತಲ್ಲಿ ಪ್ರಾರ್ಥಿಸಿದರೆ ಸಾಕು: ಆಸ್ಪತ್ರೆಯಲ್ಲಿರುವ ಅಜ್ಜಿ, ಬಾರದ ಕೆಲಸ, ಬತ್ತಿದ ಬೋರ್‌ವೆಲ್. ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಠ ಓದಿ ಸರಿದೂಗಿಸಲು ಹೋಗಬೇಡಿ.

ಇನ್ನು ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಗೆ, ರಾಗಿಯ ಹಸಿರು. ಹಬ್ಬಕ್ಕೆ ಹನ್ನೊಂದು-ಹನ್ನೆರಡು ದಿನ ಮುಂಚೆ ಬಿತ್ತುವುದೇ ಸರಿ. ನವೆಂಬರ್ ಕೊನೆಗೇ ಬಿತ್ತಿದವರ ಪೈರು ಕ್ರಿಸ್ಮಸ್ ಹೊತ್ತಿಗೆ ಹಳದಿ ತಿರುಗಿ ಮಲಗಿರುತ್ತದೆ. ಅದಕ್ಕೂ ಒಂದು ವಾರ ಮೊದಲು 20 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಮೂರು ದಿನದಲ್ಲಿ 15 ಆದರೂ ಮೊಳೆಯದಿದ್ದರೆ ಆ ರಾಗಿ ಬಿಡಿ.

ಡಿಸೆಂಬರ್ 11ರ ರಾತ್ರಿ ಎರಡು ದೊಡ್ಡ ಚಮಚ ರಾಗಿ ತೊಳೆದು ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಗಂಟು ಕಟ್ಟಿ ಅಡುಗೆಮನೆಯಲ್ಲೇ ಇಡಿ. ಹೊರಗಿನ ಚಳಿಗೆ ಮೊಳಕೆ ತಡವಾಗುತ್ತದೆ. 13ರ ಭಾನುವಾರ ಬಿಳಿ ಮೂತಿ ಕಂಡಿರುತ್ತದೆ. ತೂತಿರುವ ಒಂದಡಿ ತಟ್ಟೆಗೆ ಜರಡಿ ಹಿಡಿದ ಕೆಮ್ಮಣ್ಣು, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ 3 ಸೆಂ.ಮೀ. ಹರಡಿ. ಬರೀ ಕೆಮ್ಮಣ್ಣಾದರೆ ಮೇಲೆ ಹೆಪ್ಪುಗಟ್ಟುತ್ತದೆ. ಮೊಳಕೆ ಮುರಿಯದಂತೆ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಚಿಮುಕಿಸಿ, ಒದ್ದೆ ಗೋಣಿತಾಟು ಮುಚ್ಚಿ.

ಎರಡು ದಿನ ಏನೂ ಕಾಣುವುದಿಲ್ಲ. ಮಕ್ಕಳು ಗಳಿಗೆಗೊಮ್ಮೆ ಎತ್ತಿ ನೋಡಲು ಹವಣಿಸುತ್ತಾರೆ, ಬಿಡಬೇಡಿ. ಮಾತು ನಿಂತುಹೋಗಿ ಮಗುವಿಗಾಗಿ ಕಾದ ಜಕರೀಯನ ಕಥೆ (ಲೂಕ 1:5-25) ಓದಲು ಇದೇ ತಕ್ಕ ಹೊತ್ತು. ಮೂರನೇ ಬೆಳಿಗ್ಗೆ ಸೂಜಿಮೊನೆಯಂಥ ಚಿಗುರು ಕಂಡ ಕೂಡಲೇ ತಾಟು ತೆಗೆದು ಬೆಳಕಿಗಿಡಿ. ತಡಮಾಡಿದರೆ ಉದ್ದಕ್ಕೆ ಬೆಳೆದು ಬಿಳಚಿಕೊಂಡು ಬೀಳುತ್ತದೆ. ನೀರು ಬೆಳಿಗ್ಗೆ ಮಾತ್ರ, ಅದೂ ಕೈಯಲ್ಲಿ ಚಿಮುಕಿಸಿ. ಸಂಜೆ ಹಾಕಿದ್ದು ರಾತ್ರಿಯಿಡೀ ಆರದೆ ಬುಡ ಕೊಳೆಯುತ್ತದೆ.

24ರ ಸಂಜೆ ಪೈರನ್ನು ಗೋದಲಿಯ ಮುಂದಿಡಿ. ಮೇವಿನ ತೊಟ್ಟಿ ಅಲ್ಲಿಯವರೆಗೂ ಖಾಲಿಯೇ ಇರಲಿ. ರಾತ್ರಿಯ ಆರಾಧನೆ ಮುಗಿಸಿ ಬಂದ ಮೇಲೆ ಮನೆಯ ಕಿರಿಯ ಮಗುವಿನ ಕೈಯಿಂದ ಬಾಲಯೇಸುವನ್ನು ಮಲಗಿಸಿ.