ಸೆಲೆ ಎಂಬ ನದಿಯ ಜೊತೆ ಐದು ದಿನ

ನದಿಯ ಹೆಸರು ಸೆಲೆ. ಮೊದಲ ಸಲ ಕೇಳಿದಾಗ ಕಿವಿ ನೆಟ್ಟಗಾಯಿತು. ನಮ್ಮ ಸೆಲೆಗೂ ಅದಕ್ಕೂ ನಂಟೇನೂ ಇಲ್ಲ. ಆದರೆ ಆ ಕಣಿವೆಗೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಮೇಲೆ ಸುಣ್ಣಕಲ್ಲಿನ ಒಣ ಬಯಲು. ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಕೆಳಗೆ ಬಂಡೆಯ ಬುಡದಲ್ಲಿ ಅದೇ ನೀರು ಸೆಲೆಯಾಗಿ ಹೊರಬಂದು ನದಿಗೆ ಸೇರುತ್ತದೆ.

ಇದು ಫ್ರಾನ್ಸಿನ ನೈರುತ್ಯಕ್ಕಿದೆ, ತುಲೂಸ್‌ನ ಉತ್ತರಕ್ಕೆ. ಕೆಲಸದ ಮೇಲೆ ತುಲೂಸ್‌ಗೆ ಬಂದು ನನಗೆ ಎರಡು ವರ್ಷವಾಗಿತ್ತು. ಮೇ ತಿಂಗಳಲ್ಲಿ ಶಿರಸಿಯಿಂದ ಅಕ್ಕ ಬಂದಳು. ಅವಳಿಗೆ ಪ್ಯಾರಿಸ್ ಬೇಡವಾಗಿತ್ತು, ನಡೆಯಬೇಕಿತ್ತು. ಒಂದು ಮೊಣಕಾಲು ನೋವು ಕೊಡುತ್ತಿದ್ದರೂ ಸರಿ, ನಡೆಯಲೇಬೇಕು.

ನಾನು ಮೊದಲು ಹಾಕಿದ ಲೆಕ್ಕ ಮೂರು ದಿನದ್ದು. ದಿನಕ್ಕೆ 25 ಕಿಲೋಮೀಟರ್. ಅಕ್ಕ ಕಾಗದ ನೋಡಿ, "ಊರು ನೋಡೋಕೆ ಹೋಗ್ತಿದೀವಾ, ಊರು ದಾಟೋಕಾ?" ಅಂದಳು. ಹಾಗಾಗಿ ಐದು ದಿನ ಮಾಡಿದೆ, ದಿನಕ್ಕೆ 15 ಕಿಲೋಮೀಟರ್ ಆಸುಪಾಸು. ಆ ನಡಿಗೆಯಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಬದಲಾವಣೆ ಅದೇ.

ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಲ ಪ್ಯುಯಿ ಎಂಬ ಊರಿನಿಂದ ಸ್ಪೇನಿನ ಸಾಂತಿಯಾಗೋಗೆ ಯಾತ್ರಿಕರು ನಡೆಯುವ ಹಳೆಯ ದಾರಿಯೊಂದಿದೆ. ಫ್ರಾನ್ಸಿನ ಒಳಗೆ ಅದಕ್ಕೆ ಜಿಆರ್ 65 ಎಂದು ಹೆಸರು. ಫಿಜಾಕ್ ಊರು ದಾಟಿದ ಮೇಲೆ ಅದರಿಂದ ಒಂದು ಕವಲು ಒಡೆದು ಸೆಲೆ ಕಣಿವೆಗೆ ಇಳಿಯುತ್ತದೆ. ಅದು ಜಿಆರ್ 651. ಹೆಚ್ಚಿನವರು ನೇರ ದಾರಿಯಲ್ಲೇ ಹೋಗುತ್ತಾರೆ, ಕವಲಿನಲ್ಲಿ ಜನ ಕಮ್ಮಿ. ನಾವು ಫಿಜಾಕ್‌ನಿಂದ ಹೊರಟು, ಸೆಲೆ ನದಿ ಲೋತ್ ನದಿಗೆ ಸೇರುವ ಬೂಝಿಯೆಸ್‌ವರೆಗೆ ಬಂದು, ಅಲ್ಲಿಂದ ಸಾಂ ಸೀರ್ ಲಾಪೋಪಿ ಎಂಬ ಗುಡ್ಡದ ಊರಿಗೆ ಹತ್ತಿದೆವು.

ತುಲೂಸ್‌ನಿಂದ ಫಿಜಾಕ್‌ಗೆ ನೇರ ರೈಲಿದೆ. ಊರಿನ ಹಳೆಯ ಮನೆಗಳ ಮೇಲಂತಸ್ತು ತೆರೆದ ಅಟ್ಟದ ಹಾಗಿರುತ್ತದೆ. ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ ಶಾಂಪೋಲಿಯೋಂ 1790ರಲ್ಲಿ ಹುಟ್ಟಿದ್ದು ಇಲ್ಲೇ. ಅವನ ನೆನಪಿಗೆ, ಆ ಗುಟ್ಟಿಗೆ ಕೀಲಿಯಾದ ರೊಸೆಟ್ಟಾ ಶಿಲೆಯ ಭಾರೀ ಪ್ರತಿಯೊಂದನ್ನು ಕಪ್ಪು ಗ್ರಾನೈಟಿನಲ್ಲಿ ಮಾಡಿ ಒಂದು ಅಂಗಳದ ನೆಲಕ್ಕೇ ಹಾಸಿದ್ದಾರೆ. ಅಕ್ಷರಗಳ ಮೇಲೆ ನಡೆಯುತ್ತೀರಿ. ಅಕ್ಕ ಚಪ್ಪಲಿ ಬಿಟ್ಟು ನಡೆದಳು.

ಜಿಆರ್ ದಾರಿಯ ಗುರುತು ಎರಡು ಪಟ್ಟಿ, ಮೇಲೆ ಬಿಳಿ, ಕೆಳಗೆ ಕೆಂಪು. ಮರದ ಮೇಲೆ, ಕಂಬದ ಮೇಲೆ, ಕಲ್ಲುಗೋಡೆಯ ಮೇಲೆ ಬಳಿದಿರುತ್ತಾರೆ. ಪಟ್ಟಿ ಬಾಗಿದ್ದರೆ ತಿರುವು ಬಂತು ಅಂತ ಅರ್ಥ. ಕೆಂಪು ಬಿಳಿ ಸೇರಿ ಅಡ್ಡಕ್ಕೆ ಗುಣಿಸು ಚಿಹ್ನೆ ಹಾಕಿದ್ದರೆ ಆ ಕಡೆ ಹೋಗಬಾರದು. ಎರಡನೇ ದಿನ ಮಾತಾಡುತ್ತಾ ಆ ಚಿಹ್ನೆ ದಾಟಿ ಹೋಗಿಬಿಟ್ಟೆವು. ಇಪ್ಪತ್ತು ನಿಮಿಷವಾದರೂ ಒಂದು ಪಟ್ಟಿಯೂ ಕಾಣಲಿಲ್ಲ. ಆಗ ಮುಂದೆ ಹೋಗದೆ ಹಿಂದಿರುಗಿ, ಕೊನೆಯ ಗುರುತು ಸಿಕ್ಕಿದ ಜಾಗಕ್ಕೇ ಬಂದೆವು. ಅವತ್ತಿನಿಂದ ಹತ್ತು ನಿಮಿಷ ಪಟ್ಟಿ ಕಾಣದಿದ್ದರೆ ನಿಲ್ಲುವುದು ಅಂತ ನಿಯಮ ಮಾಡಿಕೊಂಡೆವು. ಫೋನಿನಲ್ಲಿ ನಕ್ಷೆ ಇತ್ತು. ಜೊತೆಗೆ 1:25000 ಅಳತೆಯ ಕಾಗದದ ನಕ್ಷೆಯನ್ನೂ ಇಟ್ಟುಕೊಂಡಿದ್ದೆ. ಬಂಡೆಗಳ ನಡುವೆ ಸಿಗ್ನಲ್ ಹೋದಾಗ ಕೈಹಿಡಿದದ್ದು ಕಾಗದವೇ.

ಕಣಿವೆಯ ದಾರಿ ಅಂದರೆ ನದಿ ದಂಡೆಯಲ್ಲಿ ಸಮತಟ್ಟಾಗಿರುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ನದಿ ಪಕ್ಕದ ಜಾಗವನ್ನು ಹೊಲ ಮತ್ತು ಡಾಂಬರು ರಸ್ತೆ ಹಿಡಿದಿವೆ. ಕಾಲುದಾರಿ ಮತ್ತೆ ಮತ್ತೆ ಬಂಡೆ ಹತ್ತಿ ಮೇಲಿನ ಬಯಲಿಗೆ ಹೋಗುತ್ತದೆ, ಮತ್ತೆ ಮುಂದಿನ ಊರಿಗೆ ಇಳಿಯುತ್ತದೆ. ಆ ಬಯಲಿಗೆ ಅಲ್ಲಿಯವರು ಕೋಸ್ ಅನ್ನುತ್ತಾರೆ. ಕುಳ್ಳ ಓಕ್ ಮರಗಳು, ಜುನಿಪರ್ ಪೊದೆ, ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳು. ಕಣ್ಣ ಸುತ್ತ ಕಪ್ಪು ಮಚ್ಚೆ ಇರುವ ಕುರಿಗಳು ಮೇಯುತ್ತಿರುತ್ತವೆ, ಕನ್ನಡಕ ಹಾಕಿದ ಹಾಗೆ. ಅಲ್ಲಲ್ಲಿ ಬರೀ ಕಲ್ಲಿನಲ್ಲೇ ಕಟ್ಟಿದ ಗುಂಡನೆಯ ಗುಡಿಸಲುಗಳಿವೆ. ಮಧ್ಯಾಹ್ನ ಅವುಗಳ ಒಳಗೆ ಕೂತರೆ ತಂಪು. ಅಕ್ಕನ ಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಎರಡು ಕೋಲು ಕೊಂಡಿದ್ದು ಸಾರ್ಥಕವಾಯಿತು.

ನೀರಿನ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಬಯಲಲ್ಲಿ ನೀರು ಸಿಗುವುದಿಲ್ಲ. ಒಬ್ಬೊಬ್ಬರೂ ಎರಡು ಲೀಟರ್ ಹೊತ್ತಿರಬೇಕು. ಊರಿಗೆ ಇಳಿದಾಗ ಸ್ಮಶಾನ ಹುಡುಕಿ. ಹೂವಿಗೆ ನೀರು ಹಾಕಲೆಂದು ಅಲ್ಲಿ ನಲ್ಲಿ ಇರುತ್ತದೆ, ಯಾತ್ರಿಕರೆಲ್ಲ ಅಲ್ಲೇ ತುಂಬಿಸಿಕೊಳ್ಳುತ್ತಾರೆ. ಕುಡಿಯಬಾರದ ನೀರಾದರೆ ಬೋರ್ಡ್ ಹಾಕಿರುತ್ತಾರೆ, ಅದನ್ನು ನೋಡಿಕೊಳ್ಳಿ.

ಬ್ರೆಡ್ ಇನ್ನೊಂದು ಪಾಠ. ಕಣಿವೆಯಲ್ಲಿ ಅಂಗಡಿ ಇರುವ ಊರುಗಳು ಬೆರಳೆಣಿಕೆ. ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಊರು ತಲುಪಿದೆವು. ಇದ್ದ ಒಂದೇ ಅಂಗಡಿಗೆ ವಾರದ ರಜೆ. ಚೀಲದಲ್ಲಿ ಇದ್ದದ್ದು ಒಂದು ಸೇಬು, ಸ್ವಲ್ಪ ಅವಲಕ್ಕಿ, ಚಟ್ನಿಪುಡಿ ಡಬ್ಬಿ. ಅವಲಕ್ಕಿ ನೆನೆಸಿ ಚಟ್ನಿಪುಡಿ ಕಲಸಿ ತಿಂದೆವು. ಆಮೇಲೆ ಕಿಲೋಮೀಟರ್ ಲೆಕ್ಕ ಬಿಟ್ಟು ಬೇರೆ ಪಟ್ಟಿ ಬರೆದುಕೊಂಡೆ. ಯಾವ ಊರಲ್ಲಿ ಹಾಸಿಗೆ, ಯಾವ ಊರಲ್ಲಿ ಬ್ರೆಡ್, ಅದು ಯಾವ ವಾರ ಮುಚ್ಚಿರುತ್ತದೆ. ಮೇ ತಿಂಗಳಲ್ಲಿ 1 ಮತ್ತು 8ನೇ ತಾರೀಕು ಸರ್ಕಾರಿ ರಜೆ ಬೇರೆ.

ರಾತ್ರಿ ಉಳಿಯಲು ಝೀತ್ ಎಂಬ ಯಾತ್ರಿಕರ ಮನೆಗಳಿವೆ. ಸಾಲು ಮಂಚ, ಒಂದೇ ದೊಡ್ಡ ಮೇಜಿನಲ್ಲಿ ಊಟ. ಸಸ್ಯಾಹಾರ ಬೇಕಾದರೆ ಎರಡು ದಿನ ಮುಂಚೆ ಫೋನ್ ಮಾಡಿ ಹೇಳಲೇಬೇಕು. ಇದು ಬಾತುಕೋಳಿಯ ಸೀಮೆ, ಆಲೂಗಡ್ಡೆಯನ್ನೂ ಅದರ ಕೊಬ್ಬಿನಲ್ಲೇ ಹುರಿಯುತ್ತಾರೆ. "ಮಾಂಸ ಬೇಡ" ಅಂದರೆ ಸಾಲದು, "ಕೊಬ್ಬೂ ಬೇಡ" ಅಂತ ಬಿಡಿಸಿ ಹೇಳಿ. ಹೇಳಿದ ಕಡೆಯೆಲ್ಲ ಪ್ರೀತಿಯಿಂದ ಮಾಡಿಕೊಟ್ಟರು. ಮಸೂರದಂಥ ಹಸಿರು ಬೇಳೆ, ಸೊಪ್ಪಿನ ಮೇಲೆ ಬಿಸಿ ಮಾಡಿದ ಪುಟ್ಟ ರೊಕಾಮದೂರ್ ಮೇಕೆ ಚೀಸ್, ಅಕ್ರೋಟಿನ ಎಣ್ಣೆ.

ಎಸ್ಪಾನ್ಯಾಕ್‌ನಲ್ಲಿ ಹಿಂದೆ ಸನ್ಯಾಸಿನಿಯರ ಮಠವಿತ್ತು. ಅದರ ಗಂಟೆಗೋಪುರದ ಬುಡ ಕಲ್ಲು, ಮೇಲ್ಭಾಗ ಮರದ ಚೌಕಟ್ಟು ಮತ್ತು ಇಟ್ಟಿಗೆ. ಹಳೆಯ ಮಠದ ಕಟ್ಟಡದಲ್ಲೇ ಯಾತ್ರಿಕರಿಗೆ ಉಳಿಯುವ ವ್ಯವಸ್ಥೆ ಇದೆ. ಮುಂದೆ ಬ್ರಾಂಗ್ ಹತ್ತಿರ ತಲೆ ಎತ್ತಿದರೆ ಬಂಡೆಯ ಪೊಟರೆಗೆ ಗೋಡೆ ಕಟ್ಟಿ ಕೋಟೆ ಮಾಡಿರುವುದು ಕಾಣುತ್ತದೆ. ಜನ ಅವನ್ನು ಇಂಗ್ಲಿಷರ ಕೋಟೆ ಅನ್ನುತ್ತಾರೆ, ಇಂಗ್ಲೆಂಡಿನ ಜೊತೆ ನಡೆದ ನೂರು ವರ್ಷದ ಯುದ್ಧದ ನೆನಪಿಗೆ. ಮಾರ್ಸಿಯಾಕ್‌ನ ದೊಡ್ಡ ಮಠಕ್ಕೂ ಆ ಯುದ್ಧದ ಪೆಟ್ಟು ಬಿದ್ದಿದೆ. ಅರ್ಧ ಚರ್ಚಿಗೆ ಸೂರಿಲ್ಲ. ಕಂಬಗಳ ನಡುವೆ ಹುಲ್ಲು, ಮೇಲೆ ಬರೀ ಆಕಾಶ. ಉಳಿದರ್ಧದಲ್ಲಿ ಈಗಲೂ ಪೂಜೆ ನಡೆಯುತ್ತದೆ. ಅಲ್ಲಿ ಒಂದು ಗಂಟೆ ಸುಮ್ನೆ ಕೂತಿದ್ದೆವು. ದಿನಕ್ಕೆ 25 ಕಿಲೋಮೀಟರ್ ಹಾಕಿಕೊಂಡಿದ್ದರೆ ಆ ಒಂದು ಗಂಟೆ ಸಿಗುತ್ತಿರಲಿಲ್ಲ, ಅಲ್ವಾ?

ಕಾಬ್ರೆರೇ ಊರಿನ ಮೇಲಿನ ಗುಡ್ಡದಲ್ಲಿ ಪೆಶ್ ಮೆರ್ಲ್ ಗುಹೆ ಇದೆ. 1922ರಲ್ಲಿ ಊರಿನ ಇಬ್ಬರು ಹುಡುಗರು, ಆಂದ್ರೆ ದಾವೀದ್ ಮತ್ತು ಆಂರಿ ದ್ಯುತೆರ್ತ್, ಒಳಗೆ ತೆವಳಿ ಹೋಗಿ ಇದನ್ನು ಕಂಡರು. ಚಿತ್ರಗಳನ್ನು ಉಳಿಸಬೇಕೆಂದು ದಿನಕ್ಕೆ 700 ಜನರಿಗೆ ಮಾತ್ರ ಪ್ರವೇಶ, ಟಿಕೆಟ್ ಮುಂಚೆಯೇ ಕಾದಿರಿಸಿ. ಒಳಗೆ 12 ಡಿಗ್ರಿ ಚಳಿ, ಸ್ವೆಟರ್ ಬೇಕು.

ಗೈಡ್ ದೀಪ ಹಾಕಿದಾಗ ಎದುರಿಗೆ ಎರಡು ಕುದುರೆಗಳು, ಬೆನ್ನಿಗೆ ಬೆನ್ನು. ಮೈತುಂಬಾ ಕಪ್ಪು ಚುಕ್ಕೆ. ಸುಮಾರು 29,000 ವರ್ಷ ಹಳೆಯವು. ಬಲಗಡೆಯ ಕುದುರೆಯ ತಲೆ ಇರುವ ಜಾಗದಲ್ಲಿ ಬಂಡೆಯ ಅಂಚೇ ಕುದುರೆ ತಲೆಯ ಆಕಾರದಲ್ಲಿದೆ. ಬಹುಶಃ ಅದನ್ನು ನೋಡಿಯೇ ಬರೆಯಲು ಕೈ ಹಾಕಿದರೇನೋ. ಸುತ್ತ ಅಂಗೈಯ ಅಚ್ಚುಗಳು. ಕೈಯನ್ನು ಗೋಡೆಗೆ ಒತ್ತಿ ಸುತ್ತಲೂ ಬಣ್ಣ ಉಗುಳಿದ್ದಾರೆ, ಕೈ ತೆಗೆದ ಜಾಗ ಖಾಲಿ ಉಳಿದಿದೆ. ಮಿಶೆಲ್ ಲೋರ್ಬ್ಲಾಂಶೆ ಎಂಬ ಸಂಶೋಧಕರು ಬಾಯಿಯಿಂದ ಬಣ್ಣ ಉಗುಳಿಯೇ ಇಡೀ ಚಿತ್ರವನ್ನು ಇನ್ನೊಂದು ಗುಹೆಯ ಗೋಡೆಯ ಮೇಲೆ ಬರೆದು ತೋರಿಸಿದರು. ಚುಕ್ಕೆ ಕುದುರೆ ಬರೀ ಕಲ್ಪನೆ ಅಂತ ತುಂಬಾ ಜನ ನಂಬಿದ್ದರು. 2011ರಲ್ಲಿ ಹಳೆಯ ಮೂಳೆಗಳ ಡಿಎನ್‌ಎ ಪರೀಕ್ಷೆಯಿಂದ ಅಂಥ ಕುದುರೆಗಳು ಆ ಕಾಲದಲ್ಲಿ ನಿಜಕ್ಕೂ ಇದ್ದವು ಅಂತ ಗೊತ್ತಾಯಿತು.

ಅಕ್ಕ ನನ್ನ ತೋಳು ಹಿಡಿದು ಪಿಸುಗುಟ್ಟಿದಳು, "ದೀಪಾವಳಿ ದಿನ ನಮ್ಮ ಕೊಟ್ಟಿಗೆ ಹಸು." ಊರಲ್ಲಿ ಗೋಪೂಜೆಯ ದಿನ ಹಸುವಿನ ಮೈಗೆ ಕೆಮ್ಮಣ್ಣು, ಶೇಡಿಯಲ್ಲಿ ಗುಂಡು ಗುಂಡು ಅಚ್ಚು ಹಾಕುತ್ತೇವಲ್ಲ, ಅದು ಅವಳ ಕಣ್ಣಿಗೆ ಬಂದಿತ್ತು. ನನಗೂ ಆಮೇಲೆ ಬೇರೇನೂ ಕಾಣಲಿಲ್ಲ. ಹೊರಗೆ ಬಂದು ಬಿಸಿಲಲ್ಲಿ ನಿಂತಾಗಲೂ ಇಬ್ಬರಿಗೂ ಮಾತು ಬರಲಿಲ್ಲ.

ಬೂಝಿಯೆಸ್‌ನಿಂದ ಮುಂದೆ ಲೋತ್ ನದಿಯ ದಂಡೆ. ಇಲ್ಲಿ ಬಂಡೆ ನೇರ ನೀರಿಗೇ ಇಳಿದಿದೆ, ಕಾಲಿಡಲು ಜಾಗವಿಲ್ಲ. 1840ರ ದಶಕದಲ್ಲಿ ಬಂಡೆಯನ್ನೇ ಕೊರೆದು ದಾರಿ ಮಾಡಿದರು. ದೋಣಿಗಳನ್ನು ಹಗ್ಗ ಕಟ್ಟಿ ಪ್ರವಾಹಕ್ಕೆ ಎದುರಾಗಿ ಎಳೆಯಲು ಬೇಕಿದ್ದ ದಾರಿ ಅದು. ತಲೆಯ ಮೇಲೆ ಅರ್ಧ ಸುರಂಗದ ಹಾಗೆ ಬಂಡೆ ಚಾಚಿದೆ. ಗೋಡೆ ಮುಟ್ಟಿದರೆ ಉಳಿಯ ಏಟು ಬೆರಳಿಗೆ ಸಿಗುತ್ತದೆ. ಒಂದು ಕಡೆ ದಾನಿಯೆಲ್ ಮೋನಿಯೇ ಎಂಬ ಶಿಲ್ಪಿ ಮೀನು, ಚಿಪ್ಪು, ಅಲೆಗಳನ್ನು ಕೆತ್ತಿದ್ದಾರೆ. ರೈಲು ಬಂದ ಮೇಲೆ ದೋಣಿ ನಿಂತವು, ದಾರಿ ನಮ್ಮಂಥವರಿಗೆ ಉಳಿಯಿತು.

ಸಾಂ ಸೀರ್ ಲಾಪೋಪಿ ನದಿಯಿಂದ ಸುಮಾರು 100 ಮೀಟರ್ ಮೇಲೆ ಬಂಡೆಗೆ ಅಂಟಿಕೊಂಡಿದೆ. ಕವಿ ಆಂದ್ರೆ ಬ್ರೆತೋಂ ಇಲ್ಲಿ ಮನೆ ಕೊಂಡು ಬೇಸಿಗೆ ಕಳೆಯುತ್ತಿದ್ದ. ಹಿಂದೆ ಇಲ್ಲಿಯ ಕಡಚಲುಗಾರರು ಬಾಕ್ಸ್‌ವುಡ್ ಮರದಲ್ಲಿ ವೈನ್ ಪೀಪಾಯಿಗಳಿಗೆ ನಲ್ಲಿ ಮಾಡುತ್ತಿದ್ದರು. ಹಗಲು ಹತ್ತರಿಂದ ಸಂಜೆವರೆಗೆ ಜನಜಂಗುಳಿ. ಹಾಗಾಗಿ ಇಲ್ಲೇ ಒಂದು ರಾತ್ರಿ ಉಳಿಯಿರಿ. ಬೆಳಿಗ್ಗೆ ಆರೂವರೆಗೆ ಬೀದಿಯಲ್ಲಿ ನಾವಿಬ್ಬರೇ ಇದ್ದೆವು. ಕೆಳಗೆ ನದಿಯ ಮೇಲೆ ಮಂಜು ಕೂತಿತ್ತು.

ಹೋಗುವುದಾದರೆ ಏಪ್ರಿಲ್ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಬಯಲಿನ ಬಿಸಿಲು ಜಾಸ್ತಿ. ಚಳಿಗಾಲದಲ್ಲಿ ಎಷ್ಟೋ ಝೀತ್‌ಗಳು ಮುಚ್ಚಿರುತ್ತವೆ. ಸಂಜೆ ಕಾಲಿನಲ್ಲಿ ಉಣುಗು ಇದೆಯಾ ಅಂತ ತಪ್ಪದೆ ನೋಡಿಕೊಳ್ಳಿ.

ಗುಡ್ಡ ಇಳಿದು ಸೇತುವೆ ದಾಟಿದರೆ ಕಾಓರ್‌ಗೆ ಹೋಗುವ ಬಸ್ಸು ಸಿಗುತ್ತದೆ. ನಾವು ಮುಕ್ಕಾಲು ಗಂಟೆ ಮುಂಚೆಯೇ ಹೋಗಿ ಕೂತೆವು. ಹಿಂದಿನ ದಿನ ಕಾಬ್ರೆರೇಯಲ್ಲಿ ಮರೆಯದೆ ಕೊಂಡಿದ್ದ ಬ್ರೆಡ್ ಇತ್ತು. ಅಕ್ಕ ಅದನ್ನು ಮುರಿದು, ಡಬ್ಬಿಯ ತಳದಲ್ಲಿದ್ದ ಚಟ್ನಿಪುಡಿಯನ್ನು ಅಕ್ರೋಟಿನ ಎಣ್ಣೆಯಲ್ಲಿ ಕಲಸಿದಳು. ಬಸ್ಸು ಬರುವಷ್ಟರಲ್ಲಿ ಎರಡೂ ಖಾಲಿ.