ದನದ ಡಾಕ್ಟರಿಗೆ ದಾರಿಬದಿಯ ಕಲ್ಲುಗಳು ಹೇಳಿದ್ದು

ಲಸಿಕೆಯ ಡಬ್ಬಿಯಲ್ಲಿರುವ ಮಂಜುಗಡ್ಡೆ ಕರಗುವ ಮೊದಲು ಊರು ಸೇರಬೇಕು. ಪಶುವೈದ್ಯಕೀಯ ಪರೀಕ್ಷಕನಾಗಿ ಸಿಂಧನೂರು, ಮಸ್ಕಿ ಕಡೆ ಓಡಾಡಿದ ಮೊದಲ ಮೂರು ವರ್ಷ ನನ್ನ ತಲೆಯಲ್ಲಿದ್ದುದು ಅದೊಂದೇ. ಮಸ್ಕಿಯಲ್ಲಿ ಅಶೋಕನ ಶಾಸನಕ್ಕೆ ದಾರಿ ತೋರುವ ಫಲಕವನ್ನು ನೂರಾರು ಸಲ ದಾಟಿದ್ದೆ, ಒಮ್ಮೆಯೂ ಬೈಕ್ ತಿರುಗಿಸಿರಲಿಲ್ಲ. ಕೊನೆಗೆ ಒಂದು ಪಂಕ್ಚರ್ ನನ್ನನ್ನು ಅತ್ತ ಕಳಿಸಿತು. ಅಂಗಡಿಯವನು ಒಂದು ಗಂಟೆ ಬೇಕು ಎಂದ. ಆ ದಿನದ ಲಸಿಕೆ ಮುಗಿದಿತ್ತು, ಡಬ್ಬಿ ಖಾಲಿಯಾಗಿತ್ತು. ಬೆಟ್ಟದ ಕಡೆ ನಡೆದೆ.

ಪುರಾತತ್ವ ಇಲಾಖೆಯ ನೀಲಿ ಫಲಕಗಳನ್ನು ನೀವೂ ನೋಡಿರುತ್ತೀರಿ. ಅವುಗಳಲ್ಲಿ 1958ರ ಕಾಯ್ದೆಯ ಹೆಸರಿರುತ್ತದೆ, ಹಾಳುಗೆಡವಿದರೆ ಆಗುವ ಶಿಕ್ಷೆಯ ಎಚ್ಚರಿಕೆ ಇರುತ್ತದೆ. ಆ ಎಚ್ಚರಿಕೆ ಬೇಕೇ ಬೇಕು, ಆದರೆ ಕಲ್ಲು ಏನು ಹೇಳುತ್ತದೆ ಎಂಬುದನ್ನು ಫಲಕ ಹೇಳುವುದಿಲ್ಲ. ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳ ಮುಂದೆ ನಿಂತು ಒಂದು ಅಕ್ಷರವೂ ತಿಳಿಯದೆ ಹಿಂದಿರುಗಿದೆ. ಅದು ಮನಸ್ಸಿಗೆ ಚುಚ್ಚಿತು. ಮೂರು ವರ್ಷ ಈ ಊರಿನ ದನಗಳ ಬಾಯಿ ತೆರೆದು ನೋಡಿದವನು ನಾನು. ಅದೇ ಊರಿನ ಕಲ್ಲಿನ ಮಾತು ಮಾತ್ರ ನನಗೆ ಕೇಳಿಸಿರಲಿಲ್ಲ.

ಆಮೇಲೆ ಓದಿ ತಿಳಿದ ಸಂಗತಿ ಇದು. 1915ರಲ್ಲಿ ಈ ಸೀಮೆಯಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಆ ಬಂಡೆ ಬಿತ್ತು. ಅದಕ್ಕೂ ಮೊದಲು ದೇಶದಲ್ಲೆಲ್ಲ ಸಿಕ್ಕ ಶಾಸನಗಳಲ್ಲಿ ರಾಜನು ತನ್ನನ್ನು ‘ದೇವಾನಂಪಿಯ ಪಿಯದಸಿ’ (ದೇವರಿಗೆ ಪ್ರಿಯನಾದ ಪ್ರಿಯದರ್ಶಿ) ಎಂದಷ್ಟೇ ಕರೆದುಕೊಂಡಿದ್ದ. ಅವನೇ ಅಶೋಕ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿತ್ತು. ಮಸ್ಕಿಯ ಬಂಡೆ ‘ಅಸೋಕಸ’ ಎಂದು ಹೆಸರನ್ನೇ ಹೇಳಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಅದೇ ಹೆಸರು ಸಿಕ್ಕಿತು. ಮಧ್ಯಪ್ರದೇಶದ ಗುಜರ್ರಾ ಬಿಟ್ಟರೆ ಆ ಹೆಸರಿರುವ ಅಶೋಕನ ಶಾಸನಗಳೆಲ್ಲ ನಮ್ಮ ತುಂಗಭದ್ರೆಯ ಆಚೀಚೆ ಇವೆ. ನಾನು ಪ್ರತಿ ವಾರ ಹಾಯುವ ದಾರಿಯಲ್ಲಿ!

ಅಂದಿನಿಂದ ಫಲಕ ಕಂಡಲ್ಲಿ ನಿಲ್ಲುವುದು ಅಭ್ಯಾಸವಾಯಿತು. ನಿಂತರೆ ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಕೆಲಸ ತಪ್ಪಿಸಿ ಮಾಡಿದ ಹವ್ಯಾಸ ಬಹಳ ದಿನ ಉಳಿಯುವುದಿಲ್ಲ. ಮೊದಲು ಫಲಕದ ಚಿತ್ರ ತೆಗೆಯುತ್ತೇನೆ. ಬಳಿಕ ಫಲಕಕ್ಕೆ ಬೆನ್ನು ಹಾಕಿ ಸುತ್ತ ನೂರು ಹೆಜ್ಜೆ ಅಡ್ಡಾಡುತ್ತೇನೆ. ನನಗೆ ಸಿಕ್ಕ ಒಳ್ಳೆಯ ಕಲ್ಲುಗಳೆಲ್ಲ ಈ ನೂರು ಹೆಜ್ಜೆಯೊಳಗೆ ಸಿಕ್ಕವು. ಹನುಮಪ್ಪನ ಗುಡಿಯ ಹಿಂದೆ, ಬೇವಿನ ಕಟ್ಟೆಗೆ ಆನಿಸಿ, ಹಳೆಯ ಬಾವಿಯ ಮೆಟ್ಟಿಲಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ ಅವು ಇರುತ್ತವೆ.

ಅಕ್ಷರ ಓದಲು ಕಲಿತದ್ದು ನಿಧಾನವಾಗಿ. ಮೊದಮೊದಲು ಒಂದು ತಪ್ಪು ಮಾಡಿದೆ: ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ತಿಕ್ಕಿದೆ. ಕೊಪ್ಪಳದಲ್ಲಿ ಪರಿಚಯವಾದ ನಿವೃತ್ತ ಅಧ್ಯಾಪಕರೊಬ್ಬರು ಆ ಚಿತ್ರ ನೋಡಿ ಬಹಳ ಬೇಸರಪಟ್ಟರು. ಸೀಮೆಸುಣ್ಣ, ಹಿಟ್ಟು, ಸುಣ್ಣ, ಎಣ್ಣೆ ಯಾವುದೂ ಕೂಡದು. ಅದು ಕಲ್ಲಿನ ಸಣ್ಣ ರಂಧ್ರಗಳಲ್ಲಿ ಉಳಿಯುತ್ತದೆ, ಮೇಲಾಗಿ ನಾವು ತಪ್ಪು ಓದಿದ ಗೆರೆಯೇ ಮುಂದಿನವರ ಕಣ್ಣಿಗೆ ಅಕ್ಷರವಾಗಿ ಕಾಣುತ್ತದೆ. ಬೇಕಾದದ್ದು ಓರೆ ಬೆಳಕು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಬೋಳಾಗಿ ಕಾಣುವ ಕಲ್ಲು ಬೆಳಿಗ್ಗೆ ಏಳು ಗಂಟೆಗೆ ಅಕ್ಷರ ತುಂಬಿಕೊಂಡು ನಿಲ್ಲುತ್ತದೆ. ಮುಸ್ಸಂಜೆಯಲ್ಲಾದರೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಪಕ್ಕದಿಂದ ಬೆಳಕು ಬಿಡಬೇಕು. ಕತ್ತಲಾದ ಮೇಲೆ ಕರುವಿನ ಹೊಕ್ಕುಳ ನೋಡಲೆಂದು ಇಟ್ಟುಕೊಂಡಿದ್ದ ಟಾರ್ಚಿಗೆ ಹೀಗೆ ಎರಡನೆಯ ಕೆಲಸ ಸಿಕ್ಕಿತು.

ಕಲ್ಯಾಣ ಚಾಳುಕ್ಯರ ಕಾಲದ ಶಾಸನಗಳ ಹಳಗನ್ನಡ ಲಿಪಿ ಮೊದಲ ನೋಟಕ್ಕೆ ಹೆದರಿಸುತ್ತದೆ. ಆದರೆ ಅವುಗಳ ಆರಂಭ ಹೆಚ್ಚುಕಡಿಮೆ ಒಂದೇ: ಸ್ವಸ್ತಿ, ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ... ಈ ಬಿರುದುಗಳನ್ನು ಬಾಯಿಪಾಠ ಮಾಡಿಕೊಂಡು ಕಲ್ಲಿನ ಮೇಲೆ ಒಂದೊಂದೇ ಅಕ್ಷರಕ್ಕೆ ಹೊಂದಿಸುತ್ತ ಹೋದರೆ ಲಿಪಿಯ ಅರ್ಧ ಪಾಠ ಅಲ್ಲೇ ಆಗುತ್ತದೆ. ನಾನು ಹೀಗೆ ಕಲಿತೆ. ಯಾವ ಕಲ್ಲನ್ನೇ ನೋಡಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ತಂದಿರುವ ಶಾಸನ ಸಂಪುಟಗಳಲ್ಲಿ ಆ ಊರಿನ ಹೆಸರನ್ನು ಮೊದಲು ಹುಡುಕುತ್ತೇನೆ. ನಾನು ‘ಕಂಡುಹಿಡಿದೆ’ ಎಂದು ಹಿಗ್ಗಿದ ಕಲ್ಲುಗಳನ್ನು ಬಹುತೇಕ ಅಲ್ಲಿ ಯಾರೋ ಆಗಲೇ ಓದಿಟ್ಟಿದ್ದರು. ನಿರಾಸೆಯಾಗಲಿಲ್ಲ. ನನ್ನ ತಪ್ಪುಗಳನ್ನು ತಿದ್ದಿಕೊಳ್ಳಲು ಅದಕ್ಕಿಂತ ಒಳ್ಳೆಯ ಗುರು ಬೇರೆ ಇಲ್ಲ.

ಕಾಲದ ಲೆಕ್ಕ ನನಗೆ ಬಹಳ ಹಿಡಿಸಿತು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದಾಗ ಶಕವರ್ಷವನ್ನು ಬದಿಗಿಟ್ಟು ತನ್ನದೇ ವರ್ಷ ಶುರುಮಾಡಿದ. ಅದು ಚಾಳುಕ್ಯ ವಿಕ್ರಮ ವರ್ಷ. ಕುಕನೂರಿನ ಕಡೆ ವರ್ಗವಾದಾಗ ಇಟಗಿಯ ಮಹಾದೇವ ದೇವಾಲಯದ ಫಲಕದ ಮುಂದೆ ನಿಂತು ಈ ಲೆಕ್ಕವನ್ನು ಪರೀಕ್ಷಿಸಿದೆ. ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಅದನ್ನು ಕಟ್ಟಿಸಿದ್ದು 1112ರಲ್ಲಿ. ಅಂದರೆ ವಿಕ್ರಮ ವರ್ಷ 37, ಶಕ 1034. ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷ ಸಂವತ್ಸರದ ಕ್ರಮಸಂಖ್ಯೆ. 1046ನ್ನು 60ರಿಂದ ಭಾಗಿಸಿದರೆ 26 ಉಳಿಯುತ್ತದೆ. ಪ್ರಭವದಿಂದ ಎಣಿಸಿದರೆ ಇಪ್ಪತ್ತಾರನೆಯದು ನಂದನ. ಅಂಕಿ ಅಳಿಸಿಹೋಗಿ ಸಂವತ್ಸರದ ಹೆಸರೊಂದೇ ಉಳಿದ ಕಲ್ಲಿನಲ್ಲಿ ರಾಜನ ಹೆಸರು ಗೊತ್ತಿದ್ದರೆ, ಈ ಲೆಕ್ಕವನ್ನು ಹಿಂದುಮುಂದು ಮಾಡಿ ವರ್ಷ ಹಿಡಿಯಬಹುದು. ಅದೇ ದೇವಾಲಯವನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ಅದರ ಕಂಬಗಳ ನುಣುಪು ಮುಟ್ಟಿದವರಿಗೆ ಅದು ಉತ್ಪ್ರೇಕ್ಷೆ ಎನಿಸುವುದಿಲ್ಲ.

ಆದರೆ ನನ್ನ ಕಣ್ಣು ನನ್ನ ವೃತ್ತಿಯದೇ. ಎಲ್ಲಿ ಹೋದರೂ ಮೊದಲು ಕಾಣುವುದು ದನ. ದಾನಶಾಸನದ ನೆತ್ತಿಯಲ್ಲಿ ಸೂರ್ಯ ಚಂದ್ರರ ಕೆಳಗೆ ಕರುವಿಗೆ ಹಾಲೂಡಿಸುವ ಹಸು. ಪಿಕಳಿಹಾಳದ ಬಂಡೆಗಳ ಮೇಲೆ ನೀಳ ಕೊಂಬಿನ, ಬೆನ್ನಮೇಲೆ ಡುಬ್ಬ ಎದ್ದ ಹೋರಿಗಳು. ಬಳ್ಳಾರಿ ಪಕ್ಕದ ಕಪ್ಪಗಲ್ಲು ಗುಡ್ಡದಲ್ಲಿ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದ ಅಂಥದೇ ಹೋರಿಗಳು.

ರಾಯಚೂರಿನಲ್ಲಿ ಬಸ್ ನಿಲ್ದಾಣದ ಪಕ್ಕದಲ್ಲೇ ಕೋಟೆ ಇದೆ. ಅದರ ಪಶ್ಚಿಮ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಕೂರಿಸಿದ್ದಾರೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕೋಟೆ ಕಟ್ಟಿದ ಸಂಗತಿ ಅದರ ಮೇಲಿದೆ. ಓದಿದವರೆಲ್ಲ ಆ ಇಸವಿಯನ್ನು ಬರೆದುಕೊಂಡು ಹೋಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹತ್ತಿರದಲ್ಲಿ ಗೀರಿರುವ ಚಿತ್ರ. ಅದೇ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ, ಮುಂದೆ ಕೋಣಗಳ ಉದ್ದನೆಯ ಸಾಲು, ಗಾಲಿಗಳ ಬಳಿ ದುಡಿಯುವ ಜನ. ಅವು ಎತ್ತುಗಳಲ್ಲ, ಕೋಣಗಳು. ಎತ್ತಿಗಿಂತ ಕೋಣ ನಿಧಾನ, ಆದರೆ ಭಾರ ಎಳೆಯುವಾಗ ಅದರ ಮೈಯ ತೂಕವೇ ನೆರವಿಗೆ ಬರುತ್ತದೆ. ಬಿಸಿಲು ಮಾತ್ರ ಅದಕ್ಕೆ ಆಗದು. ಕಪ್ಪು ಚರ್ಮ, ಬೆವರಿನ ಗ್ರಂಥಿಗಳೂ ಕಡಿಮೆ. ರಾಯಚೂರಿನ ಬಿಸಿಲಿನಲ್ಲಿ ಅಷ್ಟು ಕೋಣಗಳನ್ನು ನಡೆಸಬೇಕಾದರೆ ನಡುನಡುವೆ ನೀರಿಗಿಳಿಸಲೇಬೇಕು. ಕಲ್ಲು ಬಂದ ದಾರಿಯಲ್ಲಿ ಕೆರೆಗಳೋ ಹೊಂಡಗಳೋ ಇದ್ದಿರಲೇಬೇಕು ಎಂದು ಅಲ್ಲೇ ನಿಂತು ಯೋಚಿಸಿದೆ. ಮೇಯಿಸಿ, ನೀರು ಕುಡಿಸಿ, ನೊಗದ ಗಾಯಕ್ಕೆ ಮದ್ದು ಹಚ್ಚಿದವರ ಹೆಸರು ಕಲ್ಲಿನ ಮೇಲಿಲ್ಲ, ಆದರೆ ಅವರ ಚಿತ್ರವಿದೆ. ಅಷ್ಟನ್ನಾದರೂ ಗೀರಿದ ಶಿಲ್ಪಿಗೆ ನಾನು ಋಣಿ.

ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿ ಬಳಿಯ ಬೂದಿದಿಬ್ಬ ಈ ಕೋಟೆ, ಶಾಸನಗಳಿಗಿಂತ ಬಹಳ ಹಳೆಯದು. ಇಂಥ ದಿಬ್ಬಗಳನ್ನು ಜ್ವಾಲಾಮುಖಿಯ ಬೂದಿ ಎಂದವರಿದ್ದರು, ಲೋಹ ಕರಗಿಸಿದ ಕಿಟ್ಟ ಎಂದವರಿದ್ದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ಇಂದಿಗೂ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಇದು ದನದ ಸಗಣಿ ಸುಟ್ಟ ಬೂದಿ ಎಂದು ಹೇಳಿದ್ದರು. 1950ರ ದಶಕದಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಯ ಗುರುತುಗಳೂ ದನಗಳ ಗೊರಸಿನ ಅಚ್ಚುಗಳೂ ಸಿಕ್ಕವು. ಕಬ್ಬಿಣ ತಿಳಿಯದ ಕಾಲದ, 4,000 ವರ್ಷಕ್ಕೂ ಹಳೆಯ ದನದ ದೊಡ್ಡಿಗಳು! ಬೆಂಕಿಯ ಕಾವಿಗೆ ಕೆಲವೆಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಏಕೆ ಸುಟ್ಟರು ಎಂಬ ಪ್ರಶ್ನೆಗೆ ಆಲ್ಚಿನ್ ದನಗಳ ಹಬ್ಬದ ಬೆಂಕಿಯ ಕಡೆ ಬೆರಳು ತೋರಿದರು. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಗೆ ಕಿಚ್ಚು ಹಾಯಿಸುವುದನ್ನು ತರಬೇತಿಗೆ ಹೋದಾಗ ನೋಡಿದ್ದ ನನಗೆ ಆ ಮಾತು ಒಪ್ಪಿಗೆಯಾಯಿತು. ದೊಡ್ಡಿಯ ಉಣ್ಣಿ, ನೊಣಗಳ ಕಾಟ ಕಂಡವನಾಗಿ ಇನ್ನೊಂದು ಕಾರಣವನ್ನೂ ಸೇರಿಸುತ್ತೇನೆ: ಬೆಂಕಿ ದೊಡ್ಡಿಯನ್ನು ಶುದ್ಧ ಮಾಡುತ್ತದೆ. ಒಂದು ಚೂರನ್ನು ಕೈಯಲ್ಲಿ ಹಿಡಿದು ನೋಡಿ ಎತ್ತಿಕೊಂಡಲ್ಲೇ ಇಟ್ಟೆ. ಗೊಬ್ಬರಕ್ಕೆ, ಮಣ್ಣಿಗೆ ಎಂದು ಅಗೆದು ಒಯ್ದು ಇಂಥ ಎಷ್ಟೋ ದಿಬ್ಬಗಳು ಕರಗಿವೆ.

ಕಳೆದುಕೊಂಡ ನೋವು ನನಗೂ ಇದೆ. ಒಂದು ರಸ್ತೆಯ ತಿರುವಿನಲ್ಲಿ ಹಸು-ಕರುವಿನ ಒಂದು ಕಲ್ಲಿತ್ತು. ನಾಳೆ ಓದಿದರಾಯಿತು ಎಂದುಕೊಂಡೆ. ರಸ್ತೆ ಅಗಲವಾದಾಗ ಕಲ್ಲು ಏರಿಯ ಮಣ್ಣಿನಡಿ ಹೋಯಿತು. ನನ್ನ ಬಳಿ ಉಳಿದಿದ್ದು ಓರೆಯಾದ ಒಂದು ಚಿತ್ರ, ಅಳತೆಯೂ ಇಲ್ಲ. ಅಂದಿನಿಂದ ಪ್ರತಿ ಕಲ್ಲಿಗೆ ಐದು ಚಿತ್ರ: ಮುಂದೆ, ಹಿಂದೆ, ಎರಡು ಬದಿ, ಮತ್ತು ಗುಡಿಯೋ ಮರವೋ ಜೊತೆಗೆ ಕಾಣುವಂತೆ ದೂರದಿಂದ ಒಂದು. ಅಳತೆಗೆ ದನದ ಎದೆಯ ಸುತ್ತಳತೆ ತೆಗೆಯುವ ಟೇಪು ಕಲ್ಲಿನ ಪಕ್ಕ ಇರುತ್ತದೆ. ಕಲ್ಲನ್ನು ಅಲುಗಿಸುವುದಿಲ್ಲ, ಊರವರಿಗೆ ಹೇಳದೆ ಮುಟ್ಟುವುದೂ ಇಲ್ಲ. ನಿಧಿ ಹುಡುಕುವವನೆಂಬ ಅನುಮಾನ ಒಮ್ಮೆ ಬಂದರೆ ಆ ಊರಿನ ಬಾಗಿಲು ಮುಚ್ಚಿದಂತೆ. ಅವರ ಎಮ್ಮೆಗೆ ಇಂಜೆಕ್ಷನ್ ಕೊಟ್ಟ ಕೈ ಇದು ಎಂಬ ನಂಬಿಕೆಯೇ ನನ್ನ ಗುರುತಿನ ಚೀಟಿ.

ಆ ನಂಬಿಕೆಯಿಂದಲೇ ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕಾಲುಬಾಯಿ ರೋಗದ ಲಸಿಕೆ ಹಾಕುವ ದಿನ, ಅಜ್ಜಿಯೊಬ್ಬಳು ತನ್ನ ಹಿತ್ತಲಿನ ಕಲ್ಲನ್ನು ತೋರಿಸಿದಳು. ಮೂರು ಅಂತಸ್ತಿನ ವೀರಗಲ್ಲು. ಕೆಳಗೆ ದನಗಳ ಸಾಲು, ಅವುಗಳ ಮುಂದೆ ಕತ್ತಿ ಹಿಡಿದು ಹೋರಾಡುವವನು. ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಮುಂದೆ ಕುಳಿತ ಅವನೇ. ಅಕ್ಷರ ಒಂದೂ ಇಲ್ಲ. ‘ತುರುಗೊಳ್’ ಎಂದು ಶಾಸನಗಳು ಕರೆಯುವ ದನಗಳ್ಳರ ದಾಳಿಯಲ್ಲಿ ಊರಿನ ದನ ಉಳಿಸಲು ಹೋಗಿ ಸತ್ತವನ ನೆನಪು ಅದು.

“ಇದು ಯಾವ ದೇವರು, ಅವ್ವಾ?” ಎಂದೆ.

“ದನ ಕಾಯ್ದವನು, ತಮ್ಮಾ. ಕಾರ ಹುಣ್ಣಿಮೆಗೆ ಎತ್ತುಗಳನ್ನು ಮೊದಲು ಇವನ ಮುಂದೆ ನಿಲ್ಲಿಸುತ್ತೇವೆ.”

ವೀರಗಲ್ಲು ಎಂಬ ಮಾತು ಅವಳಿಗೆ ಗೊತ್ತಿರಲಿಲ್ಲ. ಕಲ್ಲಿನ ಅರ್ಥ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಕೆಡದೆ ಬಂದಿತ್ತು. ನಾನು ಪುಸ್ತಕ ತಿರುವಿ ತಿಳಿದುಕೊಂಡದ್ದನ್ನು ಅವಳು ಪೂಜೆಯಲ್ಲಿ ಉಳಿಸಿಕೊಂಡಿದ್ದಳು. ಅಂದಿನಿಂದ ಯಾವ ಕಲ್ಲಿನ ಮುಂದೆ ನಿಂತರೂ ಪುಸ್ತಕಕ್ಕೆ ಮೊದಲು ಆ ಮನೆಯವರನ್ನು ಕೇಳುತ್ತೇನೆ.

ಮರುವರ್ಷ ಊರಿನ ಹಿರಿಯರು ಆ ಕಲ್ಲಿಗೊಂದು ಫಲಕ ಬರೆದುಕೊಡಿ ಎಂದರು. ಎಷ್ಟೋ ಫಲಕ ಓದಿದವನಿಗೆ ಒಂದು ಫಲಕ ಬರೆಯಲು ಮೂರು ರಾತ್ರಿ ಬೇಕಾಯಿತು. ಕೊನೆಗೆ ನಾಲ್ಕು ಸಾಲು ಉಳಿದವು: ಇದು ವೀರಗಲ್ಲು. ಊರಿನ ದನಗಳನ್ನು ಉಳಿಸಲು ಹೋರಾಡಿ ಮಡಿದವನ ನೆನಪಿಗೆ ನಿಲ್ಲಿಸಿದ್ದು. ಚಿತ್ರಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿರಿ. ಎಣ್ಣೆ, ಬಣ್ಣ ಹಚ್ಚಬೇಡಿರಿ.

ಶಾಲೆಯ ಮಾಸ್ತರರು ಅದನ್ನು ಗಟ್ಟಿಯಾಗಿ ಓದಿದಾಗ ಅಜ್ಜಿ ಕೊನೆಯ ಸಾಲಿಗೆ ತಲೆಯಾಡಿಸಿ ಒಲ್ಲೆ ಎಂದಳು. ಎಣ್ಣೆ ಇಲ್ಲದೆ ಅವನಿಗೆ ಪೂಜೆ ಹೇಗೆ? ಬಹಳ ಹೊತ್ತು ಮಾತಾಡಿದೆವು. ಎಣ್ಣೆಯ ಮೇಲೆ ಧೂಳು ಕೂತು ದನಗಳ ಮುಖ ಮುಚ್ಚಿಹೋಗಿದ್ದನ್ನು ಟಾರ್ಚ್ ಹಿಡಿದು ತೋರಿಸಿದೆ. ಅವಳು ಬಾಗಿ ನೋಡಿದಳು, ಬೆರಳಿನಿಂದ ಒಂದೊಂದೇ ದನವನ್ನು ಮುಟ್ಟಿ ಎಣಿಸಿದಳು. ಈಗ ದೀಪದ ಎಣ್ಣೆ ಹಣತೆಯಲ್ಲಿರುತ್ತದೆ, ಅರಿಸಿನ ಕುಂಕುಮ ಕಲ್ಲಿನ ಬುಡದ ಮಣ್ಣಿಗೆ ಬೀಳುತ್ತದೆ. ಅವಳು ಹೇಳಿದಂತೆ ಫಲಕದ ಮೊದಲ ಸಾಲಿನ ಮೇಲೆ ಇನ್ನೊಂದು ಸಾಲು ಸೇರಿದೆ: ದನ ಕಾಯ್ದವನು.