ಹೆನ್ ಅನ್ನು ಅಂದ್ರೆ ಎನ್ ಅಂದ ಮಕ್ಳು: ನಲಿಕಲಿ ಕ್ಲಾಸಲ್ಲಿ ಎರಡು ಲ್ಯಾಪ್‌ಟಾಪ್ ಜೊತೆ ನನ್ನ ಅನುಭವ

ನಾನು ಪಾಂಡವಪುರ ಕಡೆ ಒಂದು ಸರ್ಕಾರಿ ಶಾಲೆಲಿ ನಲಿಕಲಿ (ಆಟ, ಚಟುವಟಿಕೆ ಮೂಲಕ ಕಲಿಸೋ ಪದ್ಧತಿ) ಟೀಚರ್, ಒಂದರಿಂದ ಮೂರನೇ ಕ್ಲಾಸ್ ಮಕ್ಳು ಒಟ್ಟಿಗೇ ಕೂರ್ತಾರೆ, 18 ಮಕ್ಳು. ಎರಡು ಹಳೇ ಲ್ಯಾಪ್‌ಟಾಪ್ ಇಟ್ಕೊಂಡು ಇವ್ರಿಗೆ ಇಂಗ್ಲಿಷ್ ಕಲಿಸೋಕೆ ಎರಡು ವರ್ಷ ಏನೇನ್ ಮಾಡ್ದೆ ಅಂತ ಬರೀತಿದೀನಿ, ಇದೇ ಕೆಲ್ಸಕ್ಕೆ ಕೈ ಹಾಕೋ ಟೀಚರ್‌ಗಳು ನಾನು ಎಡವಿದ ಕಡೆನೇ ಎಡವೋದು ಬೇಡ ಅಂತ.

ಮೊದಲನೇ ವರ್ಷ ಹಾಕಿದ್ದು ಓದಿಸೋ ಆಪ್ ಒಂದು. ಸ್ಕ್ರೀನ್ ಮೇಲೆ ವಾಕ್ಯ ಬರುತ್ತೆ, ಮಗು ಮೈಕ್ ಮುಂದೆ ಜೋರಾಗಿ ಓದ್ಬೇಕು, ಸರಿ ಇದ್ರೆ ಪದ ಹಸಿರಾಗುತ್ತೆ, ತಪ್ಪಾದ್ರೆ ಕೆಂಪು. ಎರಡನೇ ಕ್ಲಾಸಿನ ಒಬ್ಳು ಹುಡ್ಗಿ, ಕನ್ನಡನ ನೀರು ಕುಡ್ದಂಗೆ ಓದ್ತಾಳೆ, ಅವ್ಳಿಗೆ ಬಂದಿದ್ದು ಹೆನ್, ಹಟ್, ಹ್ಯಾಟ್ ಇರೋ ಪಾಠ. ಎನ್ ಅಂದ್ಳು, ಕೆಂಪು. ಇನ್ನೊಂದ್ಸಲ ಎನ್, ಮತ್ತೆ ಕೆಂಪು. ಅಟ್ ಅಂದ್ಳು, ಅದೂ ಕೆಂಪು. ಮೌಸ್ ಬಿಟ್ಟು ಎದ್ದೋದ್ಳು, ಒಂದು ವಾರ ಲ್ಯಾಪ್‌ಟಾಪ್ ಹತ್ರಕ್ಕೇ ಬರ್ಲಿಲ್ಲ. ನಾನು ಮೈಕ್ ಕೆಟ್ಟಿರ್ಬೇಕು ಅನ್ಕೊಂಡು ಹೆಡ್‌ಫೋನ್ ಬದಲಾಯಿಸಿ ನೋಡ್ದೆ, ಏನೂ ಆಗ್ಲಿಲ್ಲ. ಆಮೇಲೆ ಒಂದಿನ ಬಿಸಿಯೂಟಕ್ಕೆ ಮುಂಚೆ ಅದೇ ಹುಡ್ಗಿ "ಮಿಸ್, ಇವತ್ತು ಆಲು ಕೊಡಲ್ವಾ" ಅಂದಾಗ ತಲೆಗೆ ಹೊಳೀತು. ನಮ್ ಕಡೆ ಹಾಲು ಆಲು, ಹಸು ಅಸು, ಹೋಗು ಅನ್ನೋದು ಓಗು. ಆ ಮಗು ಅಕ್ಷರ ಸರಿಯಾಗೇ ಓದಿದ್ಳು, ಅವ್ಳ ಬಾಯಲ್ಲಿ ಹಕಾರ ಇರ್ಲಿಲ್ಲ ಅಷ್ಟೇ, ಓದೋಕೆ ಬರುತ್ತಾ ಇಲ್ವಾ ಅನ್ನೋದಕ್ಕೂ ಇದಕ್ಕೂ ಸಂಬಂಧನೇ ಇಲ್ಲ, ಆದ್ರೆ ಆಪ್‌ಗೆ ಎರಡೂ ಒಂದೇ. ಇದು ನಂಗೆ ಬಹಳ ನೋವಾದ ವಿಷ್ಯ, ಯಾಕಂದ್ರೆ ಆರು ದಿನ ಆ ಮಗು ತಾನು ದಡ್ಡಿ ಅನ್ಕೊಂಡು ಕೂತಿತ್ತು.

ಮೈಕ್ ಆಪನ್ನ ಒಂದನೇ, ಎರಡನೇ ಕ್ಲಾಸಿನವ್ರಿಗೆ ನಿಲ್ಲಿಸ್ಬಿಟ್ಟೆ. ಬದಲಿಗೆ ಅಂಗೈ ಆಟ. ಅಂಗೈನ ಬಾಯಿ ಮುಂದೆ ಹಿಡ್ಕೊಂಡು ಎನ್ ಅನ್ನಿ, ಏನೂ ಗೊತ್ತಾಗಲ್ಲ. ಹೆನ್ ಅನ್ನಿ, ಬೆಚ್ಚಗೆ ಉಸಿರು ತಾಗುತ್ತೆ. ಕನ್ನಡಕ ಒರೆಸೋಕೆ ಮುಂಚೆ ಗಾಜಿನ ಮೇಲೆ ಹಾ ಅಂತ ಬಿಡ್ತೀವಲ್ಲ ಆ ಉಸಿರು. ಹತ್ತು ಹನ್ನೆರಡು ದಿನದಲ್ಲಿ ಮುಕ್ಕಾಲು ಮಕ್ಳಿಗೆ ಬಂತು. ಮನೇಲಿ ಆಲು ಅನ್ನೋದನ್ನ ನಾನು ತಿದ್ದಲ್ಲ, ಅದು ಅವ್ರಜ್ಜಿ ಮಾತು, ಇಂಗ್ಲಿಷ್ ಪದ ಹೇಳುವಾಗ ಮಾತ್ರ ಅಂಗೈ ತಗೊಳ್ಳಿ ಅಂತೀನಿ.

ಇನ್ನೊಂದು ತೊಂದರೆ, ಪದದ ಕೊನೇದು. ನಮ್ ಬಾಯಿಗೆ ಪದ ಸ್ವರದಲ್ಲೇ ಮುಗೀಬೇಕು, ಅದಕ್ಕೆ ಬಸ್ ಬಸ್ಸಾಗುತ್ತೆ, ಪೆನ್ ಪೆನ್ನಾಗುತ್ತೆ, ಕಪ್ ಅಂತೂ ಕಪ್ಪು ಆಗಿ ಮಕ್ಳು ಕರೀ ಬಣ್ಣ ತೋರಿಸ್ತಾರೆ. ಇದಕ್ಕೆ ಬಾಯಿಗೆ ಬೀಗ ಅಂತ ಆಟ, ಪ್ ಅನ್ನುವಾಗ ತುಟಿ ಮುಚ್ಚಿ ಹಂಗೇ ನಿಲ್ಲಿಸ್ಬೇಕು, ನಾನು ಬೀಗ ತೆಗೆಯೋವರೆಗೂ ಬಿಡಂಗಿಲ್ಲ.

ಅಕ್ಷರದ ಹೆಸರು ಬೇರೆ ಸದ್ದು ಬೇರೆ ಅನ್ನೋದೇ ನಮ್ ಮಕ್ಳಿಗೆ ದೊಡ್ಡ ಗೊಂದಲ. ಕನ್ನಡದಲ್ಲಿ ಕ ಅನ್ನೋ ಅಕ್ಷರದ ಹೆಸರೂ ಕ, ಸದ್ದೂ ಕ, ಇಂಗ್ಲಿಷಲ್ಲಿ ಸಿ ಎ ಟಿ ಸೇರಿಸಿದ್ರೆ ಕ್ಯಾಟ್ ಹೆಂಗಾಗುತ್ತೆ, ಸಿಏಟಿ ಆಗ್ಬೇಕಲ್ವಾ ಮಿಸ್ ಅಂತ ಕೇಳಿದ ಹುಡ್ಗ ಸರಿಯಾಗೇ ಕೇಳಿದ್ದ. ಹಂಗಾಗಿ ಎಬಿಸಿಡಿ ಕ್ರಮ ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಈ ಆರು ಅಕ್ಷರದ ಸದ್ದಿಂದ ಶುರು ಮಾಡ್ದೆ, ಸದ್ದು ಜೋಡಿಸಿ ಓದಿಸೋ ಫೋನಿಕ್ಸ್‌ನವ್ರು ಬಹಳ ಜನ ಹಿಡಿಯೋ ದಾರಿ ಇದು, ಯಾಕಂದ್ರೆ ಆರೇ ಅಕ್ಷರಕ್ಕೆ ಟ್ಯಾಪ್, ಪಿನ್, ಟಿನ್, ನ್ಯಾಪ್, ಪ್ಯಾನ್, ಸಿಟ್ ಎಲ್ಲ ಸಿಗುತ್ತೆ, ಮೊದಲನೇ ತಿಂಗಳಲ್ಲೇ ಮಗು ತಾನೇ ಓದ್ದೆ ಅಂತ ಕುಣಿಯುತ್ತೆ.

ಸಾಫ್ಟ್‌ವೇರಲ್ಲಿ ಕೊನೆಗೂ ಉಳ್ಕೊಂಡಿದ್ದು ಎರಡು. ಒಂದು ಜಿಕಾಂಪ್ರಿ, 2000ನೇ ಇಸವಿಲಿ ಫ್ರಾನ್ಸಲ್ಲಿ ಶುರುವಾಗಿದ್ದು, ಫ್ರೆಂಚಲ್ಲಿ ಆ ಹೆಸರು ನಂಗೆ ಅರ್ಥ ಆಯ್ತು ಅನ್ನೋ ಥರ ಕೇಳ್ಸುತ್ತಂತೆ. ಪುಕ್ಕಟೆ, ಜಾಹೀರಾತಿಲ್ಲ, ದನಿ ಫೈಲ್ ಒಂದ್ಸಲ ಇಳಿಸ್ಕೊಂಡ್ರೆ ನೆಟ್ ಬೇಡ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಅದ್ರಲ್ಲಿ ಸದ್ದು ಕೇಳಿ ಅಕ್ಷರ ಒತ್ತೋದು, ಮೇಲಿಂದ ಬೀಳೋ ಅಕ್ಷರನ ಕೀಬೋರ್ಡಲ್ಲಿ ಹಿಡಿಯೋದು ಇವೆರಡನ್ನೇ ಜಾಸ್ತಿ ಬಳಸಿದ್ದು. ಇನ್ನೊಂದು ಟಕ್ಸ್ ಪೇಂಟ್, ಚಿತ್ರ ಬರೆದು ಕೆಳಗೆ ಇಂಗ್ಲಿಷಲ್ಲಿ ಹೆಸರು ಟೈಪ್ ಮಾಡೋದು.

ಇವುಕ್ಕಿಂತ ಹೆಚ್ಚು ಕೆಲ್ಸಕ್ಕೆ ಬಂದಿದ್ದು ನಾವೇ ಮಾಡ್ಕೊಂಡ ಸ್ಲೈಡು. ಕಲಿಸೋ ಆಪ್‌ಗಳಲ್ಲಿ ಐ ಅಕ್ಷರಕ್ಕೆ ಇಗ್ಲೂ ಚಿತ್ರ ಇರುತ್ತೆ, ನಮ್ ಹುಡ್ಗ ಅದನ್ನ ನೋಡಿ "ಮಿಸ್, ಅರ್ಧ ಇಡ್ಲಿ" ಅಂದ. ಸರಿ, ಐ ಫಾರ್ ಇಡ್ಲಿನೇ ಇರ್ಲಿ ಅಂದೆ, ಅದೂ ಇಂಗ್ಲಿಷ್ ಡಿಕ್ಷನರಿಲಿರೋ ಪದನೇ. ಆಲೆಮನೆ ಕೊಪ್ಪರಿಗೆ ಫೋಟೋ ಹಾಕಿ ಪಾಟ್, ಕಬ್ಬಿನ ಗದ್ದೆಗೆ ಕೇನ್, ನಾಲೆ ನೀರಿಗೆ ಕೆನಾಲ್, ಎಲ್ಲಾ ಮೊಬೈಲಲ್ಲಿ ನಾನೇ ತೆಗೆದಿದ್ದು. ಲಿಬ್ರೆ ಆಫೀಸಲ್ಲಿ ಸ್ಲೈಡ್ ಮಾಡಿ ಪ್ರತಿ ಚಿತ್ರಕ್ಕೂ ದನಿ ಅಂಟಿಸ್ದೆ, ಒತ್ತಿದ್ರೆ ಹೇಳುತ್ತೆ. ಒಂದು ಪಾಠಕ್ಕೆ ಎಂಟೇ ಪದ, ಜಾಸ್ತಿ ಹಾಕಿದ್ರೆ ಬರೀ ಒತ್ತಿ ಒತ್ತಿ ಮುಂದಕ್ಕೆ ಹೋಗ್ತಾರೆ, ಕಿವಿಗೆ ಏನೂ ಇಳಿಯಲ್ಲ.

ನಲಿಕಲಿ ಹುಟ್ಟಿದ್ದೇ ಮೈಸೂರು ಜಿಲ್ಲೆ ಎಚ್.ಡಿ.ಕೋಟೆಲಿ, 1995ರಲ್ಲಿ, ಮಕ್ಳು ತಟ್ಟೆ (ಅಂದ್ರೆ ಗುಂಪು) ಲೆಕ್ಕದಲ್ಲಿ ಕೂತು ಅವರವರ ಗತಿಲಿ ಕಲೀತಾರಲ್ಲ, ಅದು ಇಲ್ಲಿ ಬಹಳ ಸಹಾಯಕ್ಕೆ ಬಂತು. ಲ್ಯಾಪ್‌ಟಾಪನ್ನ ಮಕ್ಳೇ ಒಬ್ರಿಗೊಬ್ರು ಸಹಾಯ ಮಾಡೋ ಸಹಪಾಠಿ ಬೆಂಬಲದ ತಟ್ಟೆಗೆ ಸೇರಿಸ್ಬಿಟ್ಟೆ, ಒಂದಕ್ಕೆ ಇಬ್ರು, ಒಬ್ರು ಮೌಸ್ ಹಿಡಿದ್ರೆ ಇನ್ನೊಬ್ರು ಬಾಯಲ್ಲಿ ಹೇಳ್ಬೇಕು, ಹೇಳ್ದೆ ಒತ್ತಂಗಿಲ್ಲ, 20 ನಿಮಿಷಕ್ಕೆ ಜೋಡಿ ಬದಲು. ಒಂಟಿಯಾಗಿ ಕೂರಿಸಿದಾಗ ಮಕ್ಳು ಬಾಯೇ ಬಿಡ್ತಿರ್ಲಿಲ್ಲ, ಜೋಡಿಲಿ ಜಗಳ ಆಡ್ಕೊಂಡಾದ್ರೂ ಮಾತಾಡ್ತಾರೆ. ಕರೆಂಟ್ ಹೋದ್ರೆ ಅದೇ ಚಿತ್ರದ ಪ್ರಿಂಟ್ ಕಾರ್ಡು ರೆಡಿ ಇಟ್ಟಿರ್ತೀನಿ.

ಮೊದ್ಲು ಸ್ಲೈಡಿಗೆ ನನ್ ದನಿನೇ ಕೊಟ್ಟಿದ್ದೆ, ಈ ವರ್ಷ ಮಕ್ಳದ್ದೇ ಹಾಕ್ತಿದೀನಿ. ಹಕಾರದ ಸ್ಲೈಡಿಗೆ ದನಿ ಕೊಟ್ಟಿದ್ದು ಅದೇ ಹುಡ್ಗಿ, ಈಗ ಮೂರನೇ ಕ್ಲಾಸು, ಮೊಬೈಲ್ ಮುಂದೆ ಅಂಗೈ ಹಿಡ್ಕೊಂಡು ಹೆನ್ ಅಂದ್ಳು. ವಿ ಮತ್ತೆ ಡಬ್ಲ್ಯೂ ಇನ್ನೂ ಬಾಕಿ ಇದೆ, ನಮ್ಗೆ ಎರಡೂ ವ. ಡಬ್ಲ್ಯೂಗೆ ತುಟಿ ದುಂಡಗೆ ಮಾಡಿಸ್ದೆ, ಬಂತು. ವಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗ್ಬೇಕು, ಆದ್ರೆ ಎರಡನೇ ಕ್ಲಾಸಲ್ಲಿ ಐದು ಮಕ್ಳಿಗೆ ಮುಂದಿನ ಹಲ್ಲು ಬಿದ್ದಿದೆ, ಅವು ಬರೋವರೆಗೂ ವ್ಯಾನ್ ಸ್ಲೈಡನ್ನ ಪಕ್ಕಕ್ಕೆ ಇಟ್ಟಿದೀನಿ.